ಶುಕ್ರವಾರ ನಿಲ್ಲುವ ಗಡಿಯಾರ: ಗ್ರ್ಯಾಂಡ್‌ಫಾದರ್ ಕ್ಲಾಕ್ ಕುರಿತು ಓದುಗರ ಪ್ರಶ್ನೆಗಳು

ಈ ಸಲದ ಪ್ರಶ್ನೆಗಳೆಲ್ಲ ಆಳೆತ್ತರದ ಗ್ರ್ಯಾಂಡ್‌ಫಾದರ್ ಕ್ಲಾಕ್ ಬಗ್ಗೆ. ಉತ್ತರಗಳಲ್ಲಿ ಮತ್ತೆ ಮತ್ತೆ ಬರುವ ಕೆಲವು ಹೆಸರುಗಳನ್ನು ಮೊದಲೇ ಹೇಳಿಬಿಡುತ್ತೇವೆ. ತೂಗಾಡುವುದು ಲೋಲಕ, ಅದರ ತುದಿಯ ದುಂಡನೆಯ ಲೋಹ ಬಿಲ್ಲೆ. ಡಯಲ್ ಹಿಂದಿನ ಹಲ್ಲಿನ ಚಕ್ರಗಳ ಜೋಡಣೆ ಯಂತ್ರ, ಅದು ಕೂತಿರುವ ಹಲಗೆ ಮಣೆ. ಡಯಲ್ ಸುತ್ತ ಇರುವ, ಕಳಚಿ ತೆಗೆಯಬಹುದಾದ ಮೇಲಿನ ಪೆಟ್ಟಿಗೆ ಹುಡ್. ಯಂತ್ರದ ಹಿಂಬದಿಯಿಂದ ಇಳಿದು ಲೋಲಕದ ಕಡ್ಡಿಯನ್ನು ಹಿಡಿದುಕೊಂಡಿರುವ ಸಣ್ಣ ಕಡ್ಡಿಗೆ ಕವಲುಕಡ್ಡಿ ಎಂದಿದ್ದೇವೆ.

ಪ್ರಶ್ನೆ: ನನ್ನದು ಎಂಟು ದಿನದ ಗಡಿಯಾರ. ಭಾನುವಾರ ಬೆಳಿಗ್ಗೆ ಕೀಲಿ ಕೊಡುತ್ತೇನೆ. ಗುರುವಾರದವರೆಗೆ ಚೆನ್ನಾಗಿ ನಡೆದು ಶುಕ್ರವಾರ ಯಾವುದೋ ಹೊತ್ತಿನಲ್ಲಿ ನಿಂತಿರುತ್ತದೆ. ತೂಕಗಳು ಇನ್ನೂ ತಳ ಮುಟ್ಟಿರುವುದಿಲ್ಲ. ಲೋಲಕ ತಳ್ಳಿದರೆ ಮತ್ತೆ ಓಡುತ್ತದೆ. ಯಂತ್ರ ಬಿಚ್ಚಿ ತೊಳೆಯಬೇಕು ಎನ್ನುತ್ತಾರೆ. ನಿಜವೇ?

ಉತ್ತರ: ಈಗಲೇ ಬಿಚ್ಚಿಸಬೇಡಿ. ವಾರದ ಅದೇ ದಿನ ನಿಲ್ಲುವ ಗಡಿಯಾರದಲ್ಲಿ ಮೊದಲು ಅನುಮಾನಿಸಬೇಕಾದದ್ದು ಯಂತ್ರವನ್ನಲ್ಲ, ಪೆಟ್ಟಿಗೆ ನಿಂತಿರುವ ರೀತಿಯನ್ನು.

ಸೆಕೆಂಡಿಗೊಂದು ಬಡಿತ ಕೊಡುವ ಲೋಲಕದ ಪರಿಣಾಮಕಾರಿ ಉದ್ದ 994 ಮಿಲಿಮೀಟರ್. ನೂಲಿನಲ್ಲಿ ಇಳಿಬಿದ್ದ ತೂಕವೂ ಒಂದು ಲೋಲಕವೇ. ಎಂಟು ದಿನದ ಹಳೆಯ ಯಂತ್ರದಲ್ಲಿ ನೂಲು ಸುತ್ತಿದ ಉರುಳೆ 12 ಗಂಟೆಗೆ ಒಂದು ಸುತ್ತು ಬಿಚ್ಚಿಕೊಳ್ಳುತ್ತದೆ. ಎಂಟು ದಿನಕ್ಕೆ 16 ಸುತ್ತು. ಉರುಳೆಯ ಅಡ್ಡಳತೆ 5 ಸೆಂಟಿಮೀಟರಿನಷ್ಟಿದ್ದರೆ ದಿನಕ್ಕೆ 31 ಸೆಂಟಿಮೀಟರ್ ನೂಲು ಹೊರಬರುತ್ತದೆ. ತೂಕ ರಾಟೆಯಲ್ಲಿ ಜೋಡಿ ನೂಲಿಗೆ ತೂಗುವುದರಿಂದ ಅದರರ್ಧ, ಅಂದರೆ ಸುಮಾರು 16 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಹೀಗೆ ದಿನದಿಂದ ದಿನಕ್ಕೆ ಇಳಿಯುತ್ತ ಇಳಿಯುತ್ತ, ನಾಲ್ಕೈದು ದಿನ ಕಳೆಯುವಷ್ಟರಲ್ಲಿ ತೂಕ ಬಿಲ್ಲೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆಗ ಎರಡರ ಉದ್ದವೂ ಒಂದೇ, ಎರಡರ ತೂಗಾಟದ ಕಾಲವೂ ಒಂದೇ.

ಪೆಟ್ಟಿಗೆ ಗೋಡೆಗೆ ಬಿಗಿಯಾಗಿದ್ದರೆ ಇದರಿಂದ ಏನೂ ಆಗದು. ಸಡಿಲವಾಗಿ ನಿಂತಿದ್ದರೆ, ಲೋಲಕದ ಪ್ರತಿ ತೂಗಿಗೂ ಪೆಟ್ಟಿಗೆ ಕಣ್ಣಿಗೆ ಕಾಣದಷ್ಟು ಅಲುಗುತ್ತದೆ. ಆ ಅಲುಗಾಟ ಸರಿಯಾದ ತಾಳದಲ್ಲಿ ತೂಕಕ್ಕೆ ತಲುಪಿ ತೂಕ ತೂಗಲು ಶುರುಮಾಡುತ್ತದೆ. ಲೋಲಕಕ್ಕೆ ಸೇರಬೇಕಾದ ಶಕ್ತಿಯನ್ನು ತೂಕ ಕದಿಯುತ್ತದೆ. ಲೋಲಕದ ಹರವು ಕುಗ್ಗುತ್ತ ಹೋಗಿ, ಎಸ್ಕೇಪ್ ಚಕ್ರದ (ಲೋಲಕದ ತೂಗಿಗೆ ತಕ್ಕಂತೆ ಹಲ್ಲು ಹಲ್ಲಾಗಿ ಮುಂದೆ ಸರಿಯುವ ಚಕ್ರ) ಹಲ್ಲು ಬಿಡುಗಡೆಯಾಗದೆ ಗಡಿಯಾರ ನಿಲ್ಲುತ್ತದೆ. ನೀವು ಬಂದು ನೋಡುವ ಹೊತ್ತಿಗೆ ತೂಕದ ತೂಗಾಟವೂ ನಿಂತಿರುತ್ತದೆ. ಹಾಗಾಗಿ ಕಳ್ಳ ಸಿಗುವುದಿಲ್ಲ.

ಈ ಗುರುವಾರ ರಾತ್ರಿ ಪೆಟ್ಟಿಗೆಯ ಬಾಗಿಲು ತೆರೆದು, ಒಳಗೆ ಟಾರ್ಚ್ ಬಿಟ್ಟು ತೂಕಗಳ ಕೆಳತುದಿಯನ್ನು ಒಂದು ನಿಮಿಷ ಎವೆಯಿಕ್ಕದೆ ನೋಡಿ. ಎರಡು ಮಿಲಿಮೀಟರ್ ಆಚೀಚೆ ಆಡುತ್ತಿದ್ದರೂ ಕಾರಣ ಸಿಕ್ಕಿತು.

ಮಾಡಬೇಕಾದದ್ದು ಇಷ್ಟು. ಪೆಟ್ಟಿಗೆಯ ಹಿಂಹಲಗೆಯಲ್ಲಿ, ಮಣೆಗೆ ಆದಷ್ಟು ಹತ್ತಿರ, ಎತ್ತರದಲ್ಲೇ ಒಂದು ತೂತು ಹಾಕಿ ಗೋಡೆಗೆ ಸ್ಕ್ರೂ ಬಿಗಿಯಿರಿ. ಹಳೆಯ ಗಡಿಯಾರವಾದರೆ ಹಿಂದೆ ಯಾರೋ ಹಾಕಿದ ತೂತು ಅಲ್ಲೇ ಇರುತ್ತದೆ, ಹುಡುಕಿ. ಸ್ಕ್ರೂ ತಲೆಯ ಅಡಿ ಅಗಲವಾದ ವಾಷರ್ ಇರಲಿ, ಇಲ್ಲದಿದ್ದರೆ ತೆಳು ಹಲಗೆ ಸೀಳುತ್ತದೆ. ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಪಟ್ಟಿಯಿದ್ದರೆ ಪೆಟ್ಟಿಗೆಗೂ ಗೋಡೆಗೂ ನಡುವೆ ಸಂದು ಉಳಿಯುತ್ತದೆ. ಅಷ್ಟೇ ದಪ್ಪದ ಮರದ ತುಂಡನ್ನು ಆ ಸಂದಿನಲ್ಲಿಟ್ಟು ಅದರ ಮೂಲಕ ಸ್ಕ್ರೂ ಹಾಯಿಸಿ. ತುಂಡಿಲ್ಲದೆ ಬಿಗಿದರೆ ಪೆಟ್ಟಿಗೆ ಹಿಂದಕ್ಕೆ ವಾಲಿ ಬಿಲ್ಲೆ ಹಿಂಹಲಗೆಗೆ ಉಜ್ಜುತ್ತದೆ. ಅದು ಇನ್ನೊಂದು ತೊಂದರೆ. ಬಿಗಿದ ಮೇಲೆ ಹುಡ್ ಪಕ್ಕ ಕೈಯಿಟ್ಟು ತಳ್ಳಿ ನೋಡಿ: ಗೋಡೆಯನ್ನು ತಳ್ಳಿದಂತಿರಬೇಕು. ಮಕ್ಕಳಿರುವ ಮನೆಯಲ್ಲಂತೂ ಈ ಸ್ಕ್ರೂ ಇಲ್ಲದೆ ಗಡಿಯಾರ ನಿಲ್ಲಿಸಲೇಬಾರದು. ಹಳೆಯ ಎಂಟು ದಿನದ ಗಡಿಯಾರದ ಒಂದೊಂದು ತೂಕವೂ ಐದಾರು ಕಿಲೋ ಇರುತ್ತದೆ, ಅದೂ ಎತ್ತರದಲ್ಲಿ.

ಜಮಖಾನದ ಮೇಲೆ ನಿಲ್ಲಿಸಿದ್ದರೆ ಪಾದಗಳ ಅಡಿಯಿಂದ ಅದನ್ನು ತೆಗೆಸಿ. ಮೆತ್ತನೆಯ ನೆಲಕ್ಕಿಂತ ದೊಡ್ಡ ಶತ್ರು ಈ ಗಡಿಯಾರಕ್ಕಿಲ್ಲ.

ಯಾವ ಗಡಿಯಾರವೇ ಆಗಲಿ, ಪದೇ ಪದೇ ನಿಲ್ಲುತ್ತಿದ್ದರೆ ನಿಂತ ದಿನವನ್ನೂ ಮುಳ್ಳುಗಳು ತೋರಿಸುವ ಸಮಯವನ್ನೂ ಒಂದು ಚೀಟಿಯಲ್ಲಿ ಬರೆದು ಬಾಗಿಲ ಒಳಗೆ ಅಂಟಿಸುತ್ತ ಹೋಗಿ. ಪ್ರತಿ ಸಲ ಒಂದೇ ನಿಮಿಷದಲ್ಲಿ ನಿಂತರೆ ಒಂದು ಮುಳ್ಳು ಇನ್ನೊಂದಕ್ಕೋ ಡಯಲ್‌ಗೋ ತಗಲುತ್ತಿದೆ. ಗಂಟೆ ಹೊಡೆಯುವ ಕೆಲವೇ ನಿಮಿಷ ಮುಂಚೆ ನಿಂತರೆ, ಹೊಡೆತಕ್ಕೆ ಸಿದ್ಧವಾಗುವ ಸನ್ನೆಯನ್ನು ಎತ್ತಲು ಯಂತ್ರಕ್ಕೆ ಬಲ ಸಾಲುತ್ತಿಲ್ಲ. ಹೊತ್ತುಗೊತ್ತಿಲ್ಲದೆ ಎಲ್ಲೆಂದರಲ್ಲಿ ನಿಂತರೆ ಬಡಿತದ ಸಮತೋಲ ತಪ್ಪಿರಬಹುದು, ಇಲ್ಲವೇ ಕೊಳೆ ಕಟ್ಟಿರಬಹುದು. ಆ ಚೀಟಿ ರಿಪೇರಿಯವರ ಅರ್ಧ ಕೆಲಸ ಮಾಡಿಕೊಡುತ್ತದೆ.

ಪ್ರಶ್ನೆ: ಮನೆ ಬದಲಾಯಿಸಿದ ಮೇಲೆ ಗಡಿಯಾರ ಹತ್ತು ನಿಮಿಷ ನಡೆದು ನಿಲ್ಲುತ್ತಿದೆ. ರಸಮಟ್ಟ ಇಟ್ಟು ನೋಡಿದೆ, ಪೆಟ್ಟಿಗೆ ನೆಟ್ಟಗಿದೆ.

ಉತ್ತರ: ಪೆಟ್ಟಿಗೆ ನೆಟ್ಟಗಿದ್ದರೆ ಸಾಲದು, ಬಡಿತ ಸಮನಾಗಿರಬೇಕು. ಕಣ್ಣು ಮುಚ್ಚಿ ಕೇಳಿ. ಟಿಕ್… ಟಾಕ್… ಟಿಕ್… ಟಾಕ್ ಎಂದು ಸಮ ಅಂತರದಲ್ಲಿ ಬಂದರೆ ಸರಿ. ಟಿಕ್‌ಟಾಕ್… ಟಿಕ್‌ಟಾಕ್… ಎಂದು ಕುಂಟುತ್ತಿದ್ದರೆ ನಿಮ್ಮ ತೊಂದರೆ ಅದೇ.

ಮೊದಲು ಲೋಲಕವನ್ನು ಪೂರ್ತಿ ನಿಲ್ಲಿಸಿ. ಬಿಲ್ಲೆಯ ತುದಿ ನಿಂತ ಜಾಗದ ಹಿಂದೆ, ಹಿಂಹಲಗೆಯ ಮೇಲೆ, ಕಾಗದದ ಪಟ್ಟಿ ಅಂಟಿಸಿ ನಡುವೆ ಒಂದು ಗೆರೆ ಎಳೆಯಿರಿ. ಬಿಲ್ಲೆಯನ್ನು ಬೆರಳಿನಿಂದ ನಿಧಾನ ಎಡಕ್ಕೆ ಸರಿಸಿ, ಟಿಕ್ ಕೇಳಿದ ಜಾಗದಲ್ಲಿ ಗುರುತು ಹಾಕಿ. ಬಲಕ್ಕೂ ಹಾಗೆಯೇ. ಎರಡೂ ಗುರುತುಗಳು ನಡುಗೆರೆಯಿಂದ ಸಮ ದೂರದಲ್ಲಿರಬೇಕು. ಎಡಕ್ಕೆ 30 ಮಿಲಿಮೀಟರ್, ಬಲಕ್ಕೆ 14 ಬಂತು ಎಂದುಕೊಳ್ಳಿ. ಹೆಚ್ಚು ದೂರ ಹೋಗಬೇಕಾಗಿ ಬಂದದ್ದು ಎಡಕ್ಕೆ, ಆದ್ದರಿಂದ ಕವಲುಕಡ್ಡಿಯನ್ನು ಬಲಕ್ಕೆ ಬಗ್ಗಿಸಬೇಕು. ಯಾವ ಕಡೆ ದೂರವೋ ಅದರ ಎದುರು ಕಡೆಗೆ: ಈ ಒಂದು ಮಾತು ನೆನಪಿಟ್ಟರೆ ಸಾಕು.

ಬಗ್ಗಿಸುವಾಗ ಒಂದು ಕೈಯಲ್ಲಿ ಕಡ್ಡಿಯ ಮೇಲ್ಭಾಗವನ್ನು ಅಲುಗದಂತೆ ಹಿಡಿಯಿರಿ, ಇನ್ನೊಂದು ಕೈಯಲ್ಲಿ ಕೆಳಭಾಗವನ್ನು ಕೂದಲೆಳೆಯಷ್ಟೇ ಸರಿಸಿ. ಮೇಲೆ ಹಿಡಿಯದೆ ಬರೀ ಕೆಳಗೆ ಒತ್ತಿದರೆ ಆ ಬಲವೆಲ್ಲ ಆಂಕರ್ (ಎಸ್ಕೇಪ್ ಚಕ್ರದ ಹಲ್ಲುಗಳನ್ನು ತಡೆದು ತಡೆದು ಬಿಡುವ ಕೊಕ್ಕೆ) ಮೂಲಕ ಎಸ್ಕೇಪ್ ಚಕ್ರದ ಹಲ್ಲುಗಳ ಮೇಲೆ ಬೀಳುತ್ತದೆ. ಹಲ್ಲು ಬಗ್ಗಿದರೆ ರಿಪೇರಿ ದೊಡ್ಡದಾಗುತ್ತದೆ. ಕಡ್ಡಿ ಬಗ್ಗಿಸಲು ಧೈರ್ಯ ಬರದವರು, ಬರೀ ಪರೀಕ್ಷೆಗೆಂದು, ಪೆಟ್ಟಿಗೆಯ ಒಂದು ಪಕ್ಕದ ಅಡಿ ತೆಳು ರಟ್ಟು ಇಟ್ಟು ನೋಡಬಹುದು. ಬಡಿತ ಸಮವಾದರೆ ರೋಗ ಗೊತ್ತಾಯಿತು.

ಹೊಸ ಗಡಿಯಾರಗಳಲ್ಲಿ ಹಲವಕ್ಕೆ ಈ ಕಷ್ಟವಿಲ್ಲ. ಅವುಗಳ ಕವಲುಕಡ್ಡಿ ಬಿಗಿಯಾಗಿ ಕೂತಿರುವುದಿಲ್ಲ, ಉಜ್ಜಿಕೊಂಡು ಜಾರುತ್ತದೆ. ಬಿಲ್ಲೆಯನ್ನು ಪೆಟ್ಟಿಗೆಯ ಪಕ್ಕದ ಹಲಗೆಯ ತನಕ ಎಳೆದು ಬಿಟ್ಟರೆ ಕೆಲವು ನಿಮಿಷಗಳಲ್ಲಿ ತಾನೇ ಸಮಕ್ಕೆ ಬರುತ್ತದೆ.

ಬಡಿತ ಸಮವಾಗಿದ್ದೂ ನಿಂತರೆ, ಲೋಲಕ ನೇತಾಡುವ ತೆಳು ಉಕ್ಕಿನ ಪಟ್ಟಿಯನ್ನು ನೋಡಿ. ಲೋಲಕ ಕಳಚದೆ ಗಡಿಯಾರ ಸಾಗಿಸಿದರೆ ಅದು ಮಡಚಿಕೊಳ್ಳುತ್ತದೆ. ಬಿಲ್ಲೆ ನೇರ ಆಚೀಚೆ ಹೋಗದೆ ಬಾಲ ಅಲ್ಲಾಡಿಸಿದಂತೆ ತಿರುಚಾಡುತ್ತಿದ್ದರೆ ಅದೇ ಗುರುತು. ಆ ಪಟ್ಟಿಯನ್ನು ನೆಟ್ಟಗೆ ಮಾಡಲು ಹೋಗಬೇಡಿ, ಹೊಸದು ಹಾಕಿಸಿ. ಅದೇ ದಪ್ಪ, ಅದೇ ಉದ್ದದ್ದೇ ಬೇಕು.

ಪ್ರಶ್ನೆ: ದಿನಕ್ಕೆ ಮೂರು ನಿಮಿಷ ಹಿಂದೆ ಬೀಳುತ್ತದೆ. ಬಿಲ್ಲೆಯ ಅಡಿಯ ನಟ್ ಎಷ್ಟು ತಿರುಗಿಸಲಿ?

ಉತ್ತರ: ಸೆಕೆಂಡ್ ಲೋಲಕದ ಉದ್ದ ಒಂದು ಮಿಲಿಮೀಟರ್ ಬದಲಾದರೆ ದಿನಕ್ಕೆ ಸುಮಾರು 43 ಸೆಕೆಂಡ್ ವ್ಯತ್ಯಾಸ. ಮೂರು ನಿಮಿಷ ಅಂದರೆ 180 ಸೆಕೆಂಡ್, ಬಿಲ್ಲೆ ನಾಲ್ಕು ಮಿಲಿಮೀಟರಿಗಿಂತ ತುಸು ಹೆಚ್ಚು ಮೇಲೇರಬೇಕು. ನಟ್ ಒಂದು ಸುತ್ತಿಗೆ ಎಷ್ಟು ಏರುತ್ತದೆ ಎಂಬುದು ಅದರ ತಿರುಪಿನ ಗೆರೆಗಳ ಅಂತರದ ಮೇಲೆ ಹೋಗುತ್ತದೆ. ಆದ್ದರಿಂದ ಸರಿಯಾಗಿ ಒಂದು ಸುತ್ತು ತಿರುಗಿಸಿ, 24 ಗಂಟೆ ಬಿಟ್ಟು ಅಳೆಯಿರಿ. ನಿಮ್ಮ ಗಡಿಯಾರದ ಲೆಕ್ಕ ಸಿಗುತ್ತದೆ. ಆಮೇಲೆ ಉಳಿದದ್ದು ಭಾಗಾಕಾರ.

ನಟ್ ಮೇಲೇರಿದರೆ ವೇಗ, ಇಳಿದರೆ ನಿಧಾನ. ತಿರುಗಿಸುವಾಗ ಲೋಲಕ ನಿಲ್ಲಿಸಿ, ಬಿಲ್ಲೆಯನ್ನು ಇನ್ನೊಂದು ಕೈಯಲ್ಲಿ ಹಿಡಿದಿರಿ. ಇಲ್ಲದಿದ್ದರೆ ಮೇಲಿನ ಉಕ್ಕಿನ ಪಟ್ಟಿ ತಿರುಚುತ್ತದೆ. ನಟ್ ಇಳಿಸಿದಾಗ ಬಿಲ್ಲೆ ಕಡ್ಡಿಗೆ ಕಚ್ಚಿಕೊಂಡು ಮೇಲೆಯೇ ಉಳಿಯುವುದುಂಟು, ಮೆಲ್ಲಗೆ ಕೆಳಗೆ ಒತ್ತಿ ನಟ್ ಮೇಲೆ ಕೂರಿಸಿ. ಒಂದು ದಿನದಲ್ಲಿ ಎರಡು ಸಲ ತಿರುಗಿಸಬೇಡಿ. ಯಾವ ತಿರುಗಿಗೆ ಯಾವ ಫಲ ಎಂಬುದೇ ಗೊತ್ತಾಗದೆ ಹೋಗುತ್ತದೆ.

ಕೊನೆಯ ಒಂದೆರಡು ಸೆಕೆಂಡಿಗೆ ನಟ್ ಬಹಳ ಒರಟು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಗೋಪುರದ ದೊಡ್ಡ ಗಡಿಯಾರದಲ್ಲಿ ಲೋಲಕದ ಮೇಲೆ ಹಳೆಯ ಪೆನ್ನಿ ನಾಣ್ಯಗಳನ್ನು ಇಡುವ ಪದ್ಧತಿಯಿದೆ. ಒಂದು ನಾಣ್ಯ ಇಟ್ಟರೆ ದಿನಕ್ಕೆ 0.4 ಸೆಕೆಂಡ್ ಮುಂದೆ ಹೋಗುತ್ತದೆ. ತೂಕ ಮೇಲೆ ಕೂತು ಲೋಲಕದ ಭಾರದ ಕೇಂದ್ರ ಚೂರು ಮೇಲೇರುವುದೇ ಕಾರಣ. ಮನೆಯಲ್ಲೂ ಬಿಲ್ಲೆಯ ಮೇಲಂಚಿನಲ್ಲಿ ಚಿಕ್ಕ ವಾಷರ್ ಇಟ್ಟು ಹೀಗೆಯೇ ಮಾಡಬಹುದು. ನಾಣ್ಯದ ಲೆಕ್ಕ ಆ ಗೋಪುರದ ಭಾರೀ ಲೋಲಕದ್ದು, ನಿಮ್ಮದರಲ್ಲಿ ವಾಷರಿನ ಪರಿಣಾಮ ಇನ್ನೂ ಹೆಚ್ಚಿರುತ್ತದೆ.

ಬಿಸಿಲಿಗೂ ಚಳಿಗೂ ಬೇರೆ ಬೇರೆ ನಡೆ ಇದ್ದೇ ಇರುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಉಕ್ಕಿನ ಕಡ್ಡಿಯ ಲೋಲಕ ದಿನಕ್ಕೆ ಸುಮಾರು 5 ಸೆಕೆಂಡ್, ಹಿತ್ತಾಳೆಯದು ಸುಮಾರು 8 ಸೆಕೆಂಡ್ ಹಿಂದೆ ಬೀಳುತ್ತದೆ. ಮರದ ಕಡ್ಡಿ ಬಿಸಿಗೆ ಬಹಳ ಕಡಿಮೆ ಹಿಗ್ಗುತ್ತದೆ, ಸುಮಾರು 2 ಸೆಕೆಂಡ್ ಅಷ್ಟೆ. ವಾರಕ್ಕೆ ಒಂದು ನಿಮಿಷದೊಳಗೆ ನಡೆಯುತ್ತಿದ್ದರೆ ನಟ್‌ಗೆ ಕೈ ಹಚ್ಚಬೇಡಿ.

ಪ್ರಶ್ನೆ: ಹಳೆಯ ಇಂಗ್ಲಿಷ್ ಗಡಿಯಾರವೊಂದನ್ನು ಕೊಳ್ಳಬೇಕೆಂದಿದ್ದೇವೆ. ಎಲ್ಲವೂ ಮೂಲದ್ದೇ ಎಂದು ಮಾರುವವರು ಹೇಳುತ್ತಾರೆ. ನಂಬುವುದು ಹೇಗೆ?

ಉತ್ತರ: ಮಾತನ್ನು ನಂಬುವುದು ಬೇಡ, ಮರವನ್ನು ನಂಬಿ. ಹಳೆಯ ಗಡಿಯಾರಗಳ ಮಾರಾಟದಲ್ಲಿ ಹೆಚ್ಚಾಗಿ ಕಾಣುವುದು ಖೋಟಾ ಅಲ್ಲ, ಕೂಡಿಕೆ. ಒಂದರ ಯಂತ್ರ, ಇನ್ನೊಂದರ ಪೆಟ್ಟಿಗೆ. ಹುಳ ತಿಂದ ಪೆಟ್ಟಿಗೆ ಬಿಸಾಡಿ ಯಂತ್ರವನ್ನು ಉಳಿಸಿಕೊಳ್ಳುವುದು ಹಿಂದಿನಿಂದಲೂ ನಡೆದಿದೆ. ಕೂಡಿಕೆಯಾದರೂ ಗಡಿಯಾರ ಚೆನ್ನಾಗಿ ನಡೆಯಬಹುದು, ಆದರೆ ಮೂಲದ್ದರ ಬೆಲೆ ಕೊಡಬಾರದು.

ಮೊದಲು ಹುಡ್ ಹಾಕಿರುವಂತೆಯೇ ಎದುರಿಗೆ ನಿಂತು ನೋಡಿ. ಡಯಲ್ ಅಂಚು ಮತ್ತು ಹುಡ್ ಚೌಕಟ್ಟು ನಾಲ್ಕೂ ಕಡೆ ಹೊಂದಿಕೊಂಡಿರಬೇಕು. ಡಯಲ್‌ನ ಚಿತ್ತಾರ ಚೌಕಟ್ಟಿನ ಹಿಂದೆ ಅಡಗಿದ್ದರೆ, ಅಥವಾ ಸುತ್ತಲೂ ಸಂದು ಬಿಟ್ಟು ಒಳಗಿನ ಕತ್ತಲೆ ಕಂಡರೆ, ಅನುಮಾನಿಸಿ. ಸಂದು ಮುಚ್ಚಲು ಚೌಕಟ್ಟಿಗೆ ಪಟ್ಟಿ ಅಂಟಿಸಿದ್ದಾರೆಯೇ ಎಂದು ಉಗುರಿನಿಂದ ತಡವಿ ನೋಡಿ.

ಆಮೇಲೆ ಹುಡ್ ತೆಗೆಸಿ. ಮಣೆ ಕೂರುವುದು ಪೆಟ್ಟಿಗೆಯ ಎರಡು ಪಕ್ಕದ ಹಲಗೆಗಳ ತಲೆಯ ಮೇಲೆ. ಆ ತಲೆಗಳನ್ನು ಗರಗಸದಿಂದ ತಗ್ಗಿಸಿದ್ದರೆ, ಅಥವಾ ಮೇಲೆ ತುಂಡು ಸೇರಿಸಿ ಎತ್ತರಿಸಿದ್ದರೆ, ಈ ಯಂತ್ರಕ್ಕೆ ಈ ಪೆಟ್ಟಿಗೆಯನ್ನು ಒಗ್ಗಿಸಿದ್ದಾರೆ ಎಂದರ್ಥ. ಹುಳ ಹಿಡಿದದ್ದಕ್ಕೆ ಪ್ರಾಮಾಣಿಕವಾಗಿ ತೇಪೆ ಹಾಕಿದ್ದೂ ಇರಬಹುದು, ಹಾಗಾಗಿ ಇದೊಂದರಿಂದಲೇ ತೀರ್ಮಾನಿಸಬೇಡಿ. ಮಣೆಯಲ್ಲಿ ಉಪಯೋಗವಿಲ್ಲದ ತೂತುಗಳು, ಡಯಲ್ ಹಿಂದೆ ಕಾಲುಗಳನ್ನು ಕಡಿದು ಬೇರೆಡೆ ಕೂರಿಸಿದ ಗುರುತು, ಎಲ್ಲವನ್ನೂ ಕೂಡಿಸಿ ನೋಡಬೇಕು.

ನಮ್ಮ ಮಟ್ಟಿಗೆ ಅತ್ಯಂತ ನಂಬಿಕೆಯ ಸಾಕ್ಷಿ ಹಿಂಹಲಗೆ. ಟಾರ್ಚನ್ನು ಹಲಗೆಗೆ ತಾಗಿಸಿ ಓರೆಯಾಗಿ ಬೆಳಕು ಬಿಡಿ. ಎಂದೋ ವಾಲಿ ನಿಂತಿದ್ದಾಗ ಬಿಲ್ಲೆ ಉಜ್ಜಿದ ನವಿರಾದ ಕಮಾನು ಗೀರು ಕಾಣಬಹುದು. ಆ ಕಮಾನು ಈಗಿನ ಬಿಲ್ಲೆಯ ಎತ್ತರಕ್ಕೇ ಇದ್ದರೆ ಒಳ್ಳೆಯದು. ಒಂದು ಅಂಗೈಯಷ್ಟು ಮೇಲೋ ಕೆಳಗೋ ಇದ್ದರೆ ಅಲ್ಲಿ ಬೇರೆ ಯಾವುದೋ ಲೋಲಕ ಬಹಳ ಕಾಲ ಆಡಿದೆ.

ಕಾಲವೂ ಹೊಂದಬೇಕು. ಆಂಕರ್ ಮತ್ತು ಎಸ್ಕೇಪ್ ಚಕ್ರದ ಜೋಡಣೆ, ಅಂದರೆ ಆಂಕರ್ ಎಸ್ಕೇಪ್‌ಮೆಂಟ್, ಬಂದದ್ದು 1670ರ ಆಸುಪಾಸು. ಉದ್ದ ಲೋಲಕವನ್ನು ಕಿರಿದಾದ ಪೆಟ್ಟಿಗೆಯೊಳಗೆ ಆಡಿಸಲು ಸಾಧ್ಯವಾದದ್ದೇ ಅದರಿಂದ. ಆರಂಭದ ಹಿತ್ತಾಳೆ ಡಯಲ್‌ಗಳು 10 ಅಂಗುಲದ ಚೌಕ, ಆಮೇಲೆ 11, ಹದಿನೆಂಟನೆಯ ಶತಮಾನ ಕಾಲಿಟ್ಟ ಮೇಲೆ 12. ತಲೆಯಲ್ಲಿ ಕಮಾನಿರುವ ಡಯಲ್ 1720ರ ಸುಮಾರಿಗೆ ರೂಢಿಗೆ ಬಂತು, ಬಣ್ಣ ಬಳಿದ ಬಿಳಿ ಡಯಲ್ 1770ರ ದಶಕದಿಂದ. 1700ರ ಗಡಿಯಾರ ಎಂದು ಹೇಳಿ ಬಿಳಿ ಡಯಲ್ ತೋರಿಸಿದರೆ ಅಲ್ಲಿಗೇ ಮಾತು ನಿಲ್ಲಿಸಬಹುದು. ಡಯಲ್ ಮೇಲಿನ ಹೆಸರು ಎಷ್ಟೋ ಸಲ ಮಾರಿದವರದು, ಒಳಗಿನ ಒಂದೊಂದು ಚಕ್ರವನ್ನೂ ಮಾಡಿದವರದಲ್ಲ.

ಇನ್ನೊಂದು ಎಚ್ಚರಿಕೆ: ಕೀಲಿ ತೂತು ಕಂಡ ಮಾತ್ರಕ್ಕೆ ಎಂಟು ದಿನದ್ದು ಎಂದುಕೊಳ್ಳಬೇಡಿ. ದಿನಾ ಸರಪಳಿ ಅಥವಾ ಹಗ್ಗ ಎಳೆಯಬೇಕಾದ 30 ಗಂಟೆಯ ಗಡಿಯಾರಗಳಿಗೂ, ದೊಡ್ಡದರಂತೆ ಕಾಣಲಿ ಎಂದು, ಡಯಲ್ ಮೇಲೆ ಸುಳ್ಳು ತೂತು ಬರೆದದ್ದುಂಟು. ಕೀಲಿ ಹಾಕಿ ತಿರುಗಿಸಿಯೇ ನೋಡಿ.

ಯಂತ್ರದ ಪರೀಕ್ಷೆಗೆ ಹೊತ್ತು ಕೊಡಿ. ಅದರದೇ ಲೋಲಕ, ಅದರದೇ ತೂಕ ಹಾಕಿಸಿ ಓಡಿಸಲು ಹೇಳಿ. ಮುಳ್ಳನ್ನು 12 ಗಂಟೆಯ ಪೂರ್ತಿ ಸುತ್ತು ತಿರುಗಿಸಿ, ಪ್ರತಿ ಗಂಟೆಯ ಹೊಡೆತ ಎಣಿಸಿ. ಹಿಂದಿನ ತಗಡಿನಲ್ಲಿ ಚಕ್ರಗಳ ಅಚ್ಚಿನ ತುದಿ ಕಾಣುತ್ತದೆ. ನೂಲನ್ನು ಬೆರಳಿನಿಂದ ಎಳೆದು ಬಿಟ್ಟು ಮಾಡಿದಾಗ ಆ ತುದಿ ತೂತಿನೊಳಗೆ ಪಕ್ಕಕ್ಕೆ ಜಿಗಿದರೆ, ತೂತು ಸವೆದು ಮೊಟ್ಟೆಯಾಕಾರಕ್ಕೆ ಬಂದಿದೆ. ಬುಷ್ (ಸವೆದ ತೂತಿಗೆ ಕೂರಿಸುವ ಲೋಹದ ಬಳೆ) ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಕೊನೆಗೆ, ಮನೆಯ ಸೂರಿನ ಎತ್ತರ ಅಳೆದುಕೊಂಡೇ ಹೋಗಿ. ಈ ಗಡಿಯಾರಗಳು 1.8ರಿಂದ 2.4 ಮೀಟರ್ ತನಕ ಇರುತ್ತವೆ. ಸೂರಿಗೆ ತಾಗುತ್ತದೆಂದು ಪಾದ ಕತ್ತರಿಸಿದ ಪೆಟ್ಟಿಗೆಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಹೊಸದನ್ನೇ ಕೊಳ್ಳುವುದಾದರೆ?

ಉತ್ತರ: ಮೊದಲು ಬೆನ್ನು ನೋಡಿ. ಬ್ಯಾಟರಿ ಡಬ್ಬಿ ಇದ್ದರೆ ಅದು ಕ್ವಾರ್ಟ್ಜ್, ಲೋಲಕ ಬರೀ ಅಲಂಕಾರ. ತಪ್ಪೇನಿಲ್ಲ, ಆದರೆ ಗೊತ್ತಿದ್ದು ಕೊಳ್ಳಿ.

ನಿಜವಾದ ಯಂತ್ರವಿರುವ ಹೊಸ ಗಡಿಯಾರಗಳಲ್ಲಿ ಜರ್ಮನಿಯ ಹರ್ಮ್ಲೆ ಮತ್ತು ಕೀನಿಂಗರ್ ಯಂತ್ರಗಳೇ ಹೆಚ್ಚಾಗಿ ಕಾಣುತ್ತವೆ, ಪೆಟ್ಟಿಗೆ ಯಾರದೇ ಇರಲಿ. ಹಿಂದಿನ ತಗಡಿನ ಮೇಲೆ ಒತ್ತಿರುವ ಯಂತ್ರದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇಪ್ಪತ್ತು ಇಪ್ಪತ್ತೈದು ವರ್ಷಗಳ ನಂತರ ಯಂತ್ರವನ್ನೇ ಬದಲಿಸುವ ಮಾತು ಬಂದಾಗ ಅದೇ ಆಧಾರ.

ಸರಪಳಿಯದು ಅಗ್ಗ, ಸರಳ. ಕೇಬಲ್‌ನದು ಕೀಲಿಯಿಂದ ಸುತ್ತುವುದು. ಸರಪಳಿ ಎಳೆಯುವಾಗ ಇನ್ನೊಂದು ಕೈಯಿಂದ ತೂಕವನ್ನು ಎತ್ತಿ ಸಹಾಯ ಮಾಡಲು ಹೋಗಬೇಡಿ, ಸರಪಳಿ ಸಡಿಲಗೊಂಡು ಹಲ್ಲಿನಿಂದ ಜಾರುತ್ತದೆ. ನೇರ ಕೆಳಕ್ಕೆ, ಒಂದೇ ಸಮ ಎಳೆಯಿರಿ. ಕೇಬಲ್‌ನದಾದರೆ ಬಾಗಿಲು ತೆರೆದು ತೂಕವನ್ನು ನೋಡುತ್ತಲೇ ಸುತ್ತಿ, ಮಣೆಗೆ ಬಡಿಯುವ ಮೊದಲೇ ನಿಲ್ಲಿಸಿ.

ಮೂರು ತೂಕಗಳಿದ್ದರೆ ಸಾಮಾನ್ಯವಾಗಿ ಎಡದ್ದು ಗಂಟೆ ಹೊಡೆತಕ್ಕೆ, ನಡುವಿನದು ಸಮಯಕ್ಕೆ, ಬಲದ್ದು ಕಾಲು ಗಂಟೆಯ ರಾಗಕ್ಕೆ. ಬಲದ್ದೇ ಹೆಚ್ಚು ಭಾರ, ರಾಗ ನುಡಿಸುವುದು ಹೆಚ್ಚು ಕೆಲಸ. ತೂಕಗಳನ್ನು ಅದಲುಬದಲು ಮಾಡಿದರೆ ರಾಗ ಎಳೆಯುತ್ತದೆ, ಇಲ್ಲವೇ ಸಮಯದ ಚಕ್ರಗಳು ಬೇಗ ಸವೆಯುತ್ತವೆ. ತೂಕದ ತಳದಲ್ಲಿ ಗುರುತಿರುತ್ತದೆ, ನೋಡಿ ಹಾಕಿ.

ಪ್ರಶ್ನೆ: ರಾತ್ರಿ ಗಂಟೆ ಹೊಡೆಯುವುದು ಬೇಡ. ಹೊಡೆತದ ತೂಕಕ್ಕೆ ಕೀಲಿ ಕೊಡದೆ ಬಿಟ್ಟರಾಯಿತಲ್ಲವೇ?

ಉತ್ತರ: ಹಳೆಯ ಎಂಟು ದಿನದ ಗಡಿಯಾರದಲ್ಲಿ ಹಾಗೆ ಮಾಡಿದರೆ 12 ಮತ್ತು 1ರ ನಡುವೆ ಇಡೀ ಗಡಿಯಾರವೇ ನಿಲ್ಲಬಹುದು. ಎಷ್ಟು ಹೊಡೆಯಬೇಕೆಂದು ಹೇಳುವುದು ಬಸವನಹುಳದ ಚಿಪ್ಪಿನಂಥ ಮೆಟ್ಟಿಲು ಮೆಟ್ಟಿಲಿನ ತಟ್ಟೆ. ಗಂಟೆಯ ಹೊತ್ತಿಗೆ ಒಂದು ಹಲ್ಲುಪಟ್ಟಿ ಕಳಚಿ ಅದರ ಬಾಲ ಆ ಮೆಟ್ಟಿಲ ಮೇಲೆ ಬೀಳುತ್ತದೆ. ಹೊಡೆತ ನಡೆದಂತೆ ಹಲ್ಲುಪಟ್ಟಿ ಮತ್ತೆ ಮೇಲಕ್ಕೆ ಸೇರುತ್ತದೆ. ಹೊಡೆತದ ಚಕ್ರಗಳಿಗೆ ಬಲವಿಲ್ಲದಿದ್ದರೆ ಬಾಲ ಬಿದ್ದಲ್ಲೇ ಬಿದ್ದಿರುತ್ತದೆ. ಹನ್ನೆರಡರ ಆಳದ ಮೆಟ್ಟಿಲಿನಿಂದ ಒಂದರ ಎತ್ತರದ ಮೆಟ್ಟಿಲಿಗೆ ತಿರುಗುವಾಗ ಆ ಗೋಡೆ ಬಾಲಕ್ಕೆ ಡಿಕ್ಕಿಯಾಗಿ ಎಲ್ಲವೂ ಸಿಕ್ಕಿಹಾಕಿಕೊಳ್ಳುತ್ತದೆ. ಕೆಲವು ಯಂತ್ರಗಳಲ್ಲಿ ಬಾಲದ ತುದಿಯನ್ನು ಇಳಿಜಾರಾಗಿ, ಬಾಗುವಂತೆ ಮಾಡಿರುತ್ತಾರೆ, ಅವು ದಾಟಿಕೊಳ್ಳುತ್ತವೆ. ನಿಮ್ಮದು ಯಾವುದೆಂದು ತಿಳಿಯದೆ ಪ್ರಯೋಗ ಬೇಡ. ಡಯಲ್ ಮೇಲೆ ಸದ್ದು ನಿಲ್ಲಿಸುವ ಕಡ್ಡಿ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಸುತ್ತಿಗೆಯ ತಲೆಗೆ ತೆಳು ಚರ್ಮ ಕಟ್ಟಿ. ಸದ್ದು ಅರ್ಧಕ್ಕಿಳಿಯುತ್ತದೆ, ಯಂತ್ರಕ್ಕೆ ಅಪಾಯವಿಲ್ಲ.

ಪ್ರಶ್ನೆ: ಮುಳ್ಳು ನಾಲ್ಕು ತೋರಿಸುತ್ತದೆ, ಏಳು ಹೊಡೆಯುತ್ತದೆ.

ಉತ್ತರ: ಹಿಂಬದಿಯಲ್ಲಿ ಅಂಚಿಗೆ ಅಸಮ ಅಂತರದ ಕಚ್ಚುಗಳಿರುವ ಚಕ್ರವಿದ್ದರೆ, ಅದು ಎಣಿಕೆ ಚಕ್ರದ ಗಡಿಯಾರ, 30 ಗಂಟೆಯವುಗಳಲ್ಲಿ ಸಾಮಾನ್ಯ. ಅದಕ್ಕೆ ಮುಳ್ಳು ಎಲ್ಲಿದೆ ಎಂಬುದು ಗೊತ್ತೇ ಇಲ್ಲ, ಐದರ ನಂತರ ಆರು, ಆರರ ನಂತರ ಏಳು ಎಂದು ಹೊಡೆಯುತ್ತ ಹೋಗುತ್ತದೆ. ಒಮ್ಮೆ ತೂಕ ತಳ ಮುಟ್ಟಿ ಹೊಡೆತ ತಪ್ಪಿದರೆ ಲೆಕ್ಕವೂ ತಪ್ಪಿತು. ಕಚ್ಚಿಗೆ ಬೀಳುವ ಸನ್ನೆಯನ್ನು ಬೆರಳಿನಿಂದ ಎತ್ತಿ ಬಿಡಿ, ಎಂಟು ಹೊಡೆಯುತ್ತದೆ. ಮತ್ತೆ ಎತ್ತಿ, ಒಂಬತ್ತು. ಮುಳ್ಳಿಗೆ ಹೊಂದುವ ತನಕ ಹೀಗೆ ಮಾಡಿ. ಕಾಲು ಗಂಟೆಗೊಮ್ಮೆ ನುಡಿಯುವ ಹೊಸ ಗಡಿಯಾರದಲ್ಲಿ ರಾಗ ತಪ್ಪಿದ್ದರೆ ಎರಡು ಗಂಟೆ ಸುಮ್ಮನೆ ಬಿಡಿ. ಬಹಳಷ್ಟು ಯಂತ್ರಗಳು ತಾವಾಗಿ ಸರಿಮಾಡಿಕೊಳ್ಳುತ್ತವೆ.

ಪ್ರಶ್ನೆ: ಕಿರುಗುಟ್ಟುವ ಬಾಗಿಲಿಗೆ ಹೊಡೆಯುವ ಸ್ಪ್ರೇ ಎಣ್ಣೆಯನ್ನು ಯಂತ್ರಕ್ಕೂ ಹೊಡೆದೆ. ಒಂದು ತಿಂಗಳು ಚೆನ್ನಾಗಿತ್ತು, ಈಗ ನಿಂತಿದೆ.

ಉತ್ತರ: ಸ್ಪ್ರೇ ಹಳೆಯ ಜಿಡ್ಡನ್ನು ಕರಗಿಸಿ ಎಲ್ಲೆಡೆ ಹರಡಿತು, ಒಂದು ತಿಂಗಳು ನಡೆಯಿತು. ಅದರ ತೆಳು ಭಾಗ ಆರಿಹೋದ ಮೇಲೆ ಜಿಡ್ಡು ಧೂಳಿನ ಜೊತೆ ಸೇರಿ ಅಂಟಾಯಿತು. ಈಗ ಮೇಲಿಂದ ಮತ್ತೆ ಎಣ್ಣೆ ಬಿಟ್ಟರೆ ಪ್ರಯೋಜನವಿಲ್ಲ. ಯಂತ್ರ ಬಿಚ್ಚಿ ತೊಳೆಸಲೇಬೇಕು.

ಗಡಿಯಾರದ ಎಣ್ಣೆ ಬೇರೆಯೇ ಇದೆ, ಹಾಕಿದಲ್ಲೇ ನಿಲ್ಲುವಂಥದ್ದು. ಅಚ್ಚಿನ ತುದಿ ಕಾಣುವ ಪ್ರತಿ ತೂತಿನ ಸುತ್ತ ಚಿಕ್ಕ ಗುಳಿ ಇರುತ್ತದೆ. ಸೂಜಿಮೊನೆಯಲ್ಲಿ ತೆಗೆದ ಒಂದು ಬಿಂದು ಆ ಗುಳಿಯ ಅರ್ಧ ತುಂಬಿದರೆ ಸಾಕು. ಹೆಚ್ಚಾದರೆ ತಗಡಿನ ಮೇಲೆ ಹರಿದು, ಗುಳಿಯಲ್ಲಿದ್ದದ್ದನ್ನೂ ಎಳೆದುಕೊಂಡು ಹೋಗುತ್ತದೆ. ಆಂಕರ್‌ನ ಎರಡು ತುದಿಗಳಿಗೂ ಒಂದೊಂದು ಚುಕ್ಕೆ. ಚಕ್ರದ ಹಲ್ಲುಗಳಿಗೆ ಮಾತ್ರ ಯಾವತ್ತೂ ಎಣ್ಣೆ ಮುಟ್ಟಿಸಬಾರದು. ಎಣ್ಣೆಗೆ ಅಂಟಿದ ಧೂಳಿನ ಕಣಗಳು ಮೆತ್ತನೆಯ ಹಿತ್ತಾಳೆಯಲ್ಲಿ ಹೂತುಕೊಂಡು ಅರದಂತೆ ಕೆಲಸ ಮಾಡುತ್ತವೆ. ಗಟ್ಟಿ ಉಕ್ಕು ಮೆತ್ತನೆಯ ಹಿತ್ತಾಳೆಯಿಂದ ಸವೆಯುವುದು ಹೀಗೆ. ಮೂರರಿಂದ ಐದು ವರ್ಷಕ್ಕೊಮ್ಮೆ ಎಣ್ಣೆ, ಎಂಟು ಹತ್ತು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ತೊಳೆಯುವುದು ಸರಿಯಾದ ಲೆಕ್ಕ. ಗುಳಿಯ ಎಣ್ಣೆ ಕಪ್ಪು ಅಥವಾ ಹಸಿರಿಗೆ ತಿರುಗಿದ್ದರೆ ಕಾಯಬೇಡಿ. ಓಟ ಬರಲಿ ಎಂದು ತೂಕ ಹೆಚ್ಚಿಸುವುದಂತೂ ಬೇಡವೇ ಬೇಡ, ಕೊಳೆಯ ಮೇಲೆ ಬಲ ಹೇರಿದರೆ ಸವೆತ ಇನ್ನೂ ಹೆಚ್ಚುತ್ತದೆ.

ಪ್ರಶ್ನೆ: ಹಿತ್ತಾಳೆಯ ಬಿಲ್ಲೆ, ತೂಕಗಳನ್ನು ಪಾಲಿಶ್ ಹಾಕಿ ಉಜ್ಜಬಹುದೇ?

ಉತ್ತರ: ಹೊಸ ಗಡಿಯಾರದಲ್ಲಿ ಬೇಡ. ಹಿತ್ತಾಳೆಯ ಮೇಲೆ ತೆಳು ಮೆರುಗೆಣ್ಣೆ ಬಳಿದಿರುತ್ತಾರೆ, ಉಜ್ಜಿದರೆ ಅದು ತೇಪೆ ತೇಪೆಯಾಗಿ ಏಳುತ್ತದೆ. ಒಣ ಹತ್ತಿಬಟ್ಟೆ ಸಾಕು. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಬೆರಳಚ್ಚು ಕೆಲವೇ ತಿಂಗಳಲ್ಲಿ ಕಂದು ಕಲೆಯಾಗುತ್ತದೆ, ಕೈಗವಸು ಹಾಕಿಕೊಳ್ಳಿ. ಹಳೆಯ ಬೆಳ್ಳಿಬಣ್ಣದ ಡಯಲ್ ಸುತ್ತುಪಟ್ಟಿಗೆ ಪಾಲಿಶ್ ಮುಟ್ಟಿಸಲೇಬೇಡಿ. ಬೆಳ್ಳಿಯ ಪದರ ಅಷ್ಟು ತೆಳು.

ಪ್ರಶ್ನೆ: ಡಯಲ್ ಮೇಲಿನ ಚಂದ್ರನನ್ನು ಹೊಂದಿಸುವುದು ಹೇಗೆ? ಆಗಾಗ ತಪ್ಪುತ್ತಾನಲ್ಲ?

ಉತ್ತರ: ಹುಣ್ಣಿಮೆಯ ದಿನ ಚಂದ್ರ ಕಮಾನಿನ ನಡುವೆ, 15ರ ಕೆಳಗೆ ಬರುವಂತೆ ಚಂದ್ರನ ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ಸರಿಸಿ. ಹುಣ್ಣಿಮೆ ಕಳೆದಿದ್ದರೆ ಎಷ್ಟು ದಿನವಾಯಿತೋ ಅಷ್ಟು ಅಂಕೆ ಮುಂದಕ್ಕೆ. ಬಿಗಿ ಎನಿಸಿದರೆ ಒತ್ತಬೇಡಿ, ಚಕ್ರ ಹಲ್ಲಿಗೆ ಕಚ್ಚಿರುವ ಹೊತ್ತು ಅದು. ನಾಲ್ಕೈದು ಗಂಟೆ ಬಿಟ್ಟು ನೋಡಿ. ಸಾಮಾನ್ಯ ತಟ್ಟೆಯಲ್ಲಿ ಎರಡು ಚಂದ್ರರಿಗೆ ಒಟ್ಟು 118 ಹಲ್ಲು, 12 ಗಂಟೆಗೊಂದು ಹಲ್ಲು. ಅಂದರೆ ಒಂದು ಚಂದ್ರನಿಗೆ 29.5 ದಿನ. ನಿಜವಾದ ಚಾಂದ್ರಮಾಸ 29.53 ದಿನ. ಈ ಕೊರತೆ ಕೂಡುತ್ತ ಹೋಗಿ ಎರಡು ವರ್ಷ ಎಂಟು ತಿಂಗಳಿಗೆ ಸುಮಾರು ಒಂದು ದಿನವಾಗುತ್ತದೆ. ಅದಕ್ಕಿಂತ ಬೇಗ ತಪ್ಪುತ್ತಿದ್ದರೆ ಗಡಿಯಾರ ನಡುನಡುವೆ ನಿಂತಿದೆ.

ಪ್ರಶ್ನೆ: ಸಾಗಿಸುವಾಗ ಯಾವುದನ್ನು ಮೊದಲು ಕಳಚಬೇಕು?

ಉತ್ತರ: ಹುಡ್, ತೂಕ, ಲೋಲಕ, ಯಂತ್ರ. ಇದೇ ಕ್ರಮ. ತೂಕ ಇರುವಾಗಲೇ ಲೋಲಕ ತೆಗೆದರೆ ಎಸ್ಕೇಪ್ ಚಕ್ರಕ್ಕೆ ತಡೆಯಿಲ್ಲದೆ ಗಡಿಯಾರ ಗಡಗಡ ಓಡಿ ಹಲ್ಲುಗಳಿಗೆ ಪೆಟ್ಟಾಗುತ್ತದೆ. ಮತ್ತೆ ಜೋಡಿಸುವಾಗ ತಿರುಗುಮುರುಗು, ಲೋಲಕ ಮೊದಲು, ತೂಕ ಆಮೇಲೆ.

ಹಳೆಯ ಗಡಿಯಾರದಲ್ಲಿ ಒಂದು ಅಪಾಯ ಹಲವರಿಗೆ ಗೊತ್ತಿರುವುದಿಲ್ಲ. ಮಣೆಯನ್ನು ಪೆಟ್ಟಿಗೆಗೆ ಎಷ್ಟೋ ಸಲ ಬಿಗಿದಿರುವುದೇ ಇಲ್ಲ, ತೂಕಗಳ ಭಾರವೇ ಅದನ್ನು ಕೂರಿಸಿರುತ್ತದೆ. ಡಯಲ್ ಮುಂದಕ್ಕೆ ಭಾರ. ತೂಕ ಕಳಚಿದ ಗಳಿಗೆಯಲ್ಲೇ ಯಂತ್ರ ಮುಂದಕ್ಕೆ ಮಗುಚಿಕೊಳ್ಳಬಹುದು. ಒಬ್ಬರು ಡಯಲ್ ಹಿಡಿದಿರುವಾಗ ಇನ್ನೊಬ್ಬರು ತೂಕ ಕಳಚಬೇಕು, ಒಂಟಿ ಕೆಲಸವಲ್ಲ.

ಕೇಬಲ್ ಇರುವ ಹೊಸ ಗಡಿಯಾರದಲ್ಲಿ ತೂಕಗಳನ್ನು ಅರ್ಧಕ್ಕೆ ಏರಿಸಿ, ಕೇಬಲ್ ಸಡಿಲವಾಗದಂತೆ ರಾಟೆಗೂ ಮಣೆಗೂ ನಡುವೆ ಸ್ಪಂಜು ತುರುಕಿ ಆಮೇಲೆ ತೂಕ ತೆಗೆಯಿರಿ. ಸಡಿಲ ಕೇಬಲ್ ಉರುಳೆಯ ಮೇಲೆ ಒಂದರ ಮೇಲೊಂದು ಏರಿ ಗಂಟಾಗುತ್ತದೆ. ರಾಗದ ಸುತ್ತಿಗೆಗಳ ನಡುವೆ ಮಡಿಸಿದ ಕಾಗದ ಇಡಿ. ಮತ್ತೆ ನಿಲ್ಲಿಸಿದ ಮೇಲೆ ನೂಲನ್ನೂ ಪರೀಕ್ಷಿಸಿ. ಎಳೆ ಬಿಟ್ಟಿದ್ದರೆ ಆಗಲೇ ಬದಲಿಸಿ. ಕಡಿದು ಬಿದ್ದ ತೂಕ ಪೆಟ್ಟಿಗೆಯ ತಳವನ್ನು ಒಡೆದುಕೊಂಡು ಹೋಗುತ್ತದೆ. ತಳದಲ್ಲಿ ದಪ್ಪ ಸ್ಪಂಜಿನ ತುಂಡು ಯಾವತ್ತೂ ಇರಲಿ.

ಪ್ರಶ್ನೆ: ಉತ್ತರ ಯುರೋಪಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಗಡಿಯಾರ, ಭೂಮಧ್ಯರೇಖೆಗೆ ಹತ್ತಿರದ ಊರಿಗೆ ತಂದ ಮೇಲೆ ದಿನಕ್ಕೆ ಮೂರು ನಿಮಿಷ ಹಿಂದೆ ಬೀಳುತ್ತಿದೆ. ದಾರಿಯಲ್ಲಿ ಏನಾದರೂ ಮುರಿಯಿತೇ?

ಉತ್ತರ: ಏನೂ ಮುರಿದಿಲ್ಲ. ಭೂಮಧ್ಯರೇಖೆಯ ಹತ್ತಿರ ಗುರುತ್ವ ಸ್ವಲ್ಪ ಕಡಿಮೆ, ಲೋಲಕ ನಿಧಾನ ತೂಗುತ್ತದೆ. 1672ರಲ್ಲಿ ಫ್ರೆಂಚ್ ಖಗೋಳಜ್ಞ ಝಾನ್ ರಿಷೆ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದಾಗ, ಪ್ಯಾರಿಸ್‌ನಲ್ಲಿ ಹೊಂದಿಸಿದ್ದ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿದ್ದಿತ್ತು. ಭೂಮಿ ಧ್ರುವಗಳಲ್ಲಿ ಚಪ್ಪಟೆ ಎಂಬ ವಾದಕ್ಕೆ ಮುಂದೆ ನ್ಯೂಟನ್ ಇದನ್ನೂ ಸಾಕ್ಷಿಯಾಗಿ ಬಳಸಿಕೊಂಡರು. ಬಿಲ್ಲೆಯನ್ನು ನಾಲ್ಕು ಮಿಲಿಮೀಟರ್ ಮೇಲೇರಿಸಿ, ಒಂದು ದಿನ ಬಿಟ್ಟು ನೋಡಿ.